ವಿಯೆನ್ನಾದಲ್ಲಿ ಹೊತ್ತು ಮುಳುಗಿದ ಗಳಿಗೆ

ಅದು ಎರಡು ವರ್ಷದ ಹಿಂದಿನ ಡಿಸೆಂಬರ್. ಕಾಗವಾಡ, ಅಥಣಿ ಕಡೆಯ ಕೆಲವು ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾಡುವ ಯಂತ್ರಗಳನ್ನು ನೋಡಲು ಯುರೋಪಿಗೆ ಹೊರಟಿದ್ದರು. ಚಿಕ್ಕೋಡಿಯಲ್ಲಿ ದಿನಪತ್ರಿಕೆಯ ವರದಿಗಾರನಾದ ನನ್ನನ್ನೂ ಜೊತೆಗೆ ಕರೆದುಕೊಂಡರು. ಕೆಲಸವೆಲ್ಲ ಮುಗಿದ ಮೇಲೆ ಊರಿಗೆ ಮರಳುವ ವಿಮಾನ ವಿಯೆನ್ನಾದಿಂದ ರಾತ್ರಿ ಒಂಬತ್ತಕ್ಕೆ ಇತ್ತು. ಹೀಗಾಗಿ ಆಸ್ಟ್ರಿಯಾದ ಆ ರಾಜಧಾನಿಯಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು ಹಗಲು.

ಉಳಿದವರು ಅಂಗಡಿ ಬೀದಿಗೆ ಹೋದರು. ಶೇಡಬಾಳದ ಅಪ್ಪಾಸಾಬ ಮತ್ತು ಅವರ ಹೆಂಡತಿ ವಿಮಲಕ್ಕ ನನ್ನ ಜೊತೆ ಊರು ನೋಡಲು ಬಂದರು. ಹಿಂದಿನ ದಿನವೇ ನಾನು ಪೂರ್ತಿ ದಿನದ ವೇಳಾಪಟ್ಟಿ ಬರೆದಿಟ್ಟಿದ್ದೆ. ಒಂಬತ್ತಕ್ಕೆ ಬಣ್ಣದ ಹೆಂಚಿನ ದೊಡ್ಡ ಚರ್ಚು, ಹನ್ನೊಂದಕ್ಕೆ ಹಳೆಯ ಗ್ರಂಥಾಲಯ, ಎರಡಕ್ಕೆ ಅರಮನೆ ಮತ್ತು ಅದರ ಹಿಂದಿನ ದಿಬ್ಬ. ಯಾವ ನಂಬರಿನ ಟ್ರಾಮ್, ಯಾವ ಬಾಗಿಲು ಎಷ್ಟಕ್ಕೆ ತೆಗೆಯುತ್ತದೆ, ಎಲ್ಲವನ್ನೂ ಎರಡೆರಡು ಸಲ ಖಾತ್ರಿ ಮಾಡಿಕೊಂಡಿದ್ದೆ. ಕೊನೆಯ ಸಾಲು ಹೀಗಿತ್ತು: ಐದಕ್ಕೆ ರೈಲು ನಿಲ್ದಾಣ, ಊಟ.

ಆ ಸಾಲನ್ನು ವಿಮಲಕ್ಕನಿಗಾಗಿಯೇ ಬರೆದಿದ್ದೆ. ಅವರು ಜೈನರು. ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಅದನ್ನು ತಪ್ಪಿಸಿಲ್ಲ. ಮೇಲಾಗಿ ಅವರಿಗೆ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಹಸಿದಿದ್ದಾಗ ಸಕ್ಕರೆ ಇಳಿದು ತೋಟದಲ್ಲಿ ಕುಸಿದು ಬಿದ್ದಿದ್ದರು. ಊರಿನಿಂದ ತಂದ, ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿ ಮತ್ತು ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಯ ಕೊನೆಯ ಗಂಟನ್ನು ಅವರು ಆ ದಿನಕ್ಕೆಂದೇ ಉಳಿಸಿಕೊಂಡಿದ್ದರು. ಗಂಟು ಚೀಲದಲ್ಲಿತ್ತು, ಚೀಲ ರೈಲು ನಿಲ್ದಾಣದ ಲಾಕರಿನಲ್ಲಿತ್ತು. ಮಧ್ಯಾಹ್ನ ಅವರು ತಿಂದದ್ದು ಒಂದು ಸೇಬು ಮಾತ್ರ. "ಸಂಜೀಕ ರೊಟ್ಟಿ ಐತಲ್ರಿ, ಸಾಕು" ಅಂದಿದ್ದರು.

ಬೆಳಿಗ್ಗೆಯಿಂದ ಸೂರ್ಯನ ಮುಖ ಕಂಡಿರಲಿಲ್ಲ. ಆಕಾಶ ಹೊಗೆ ಹಿಡಿದ ತವೆಯ ಹಾಗಿತ್ತು. ಅರಮನೆಯ ಹಿಂದಿನ ದಿಬ್ಬ ಹತ್ತಿ ಊರನ್ನು ನೋಡುತ್ತಾ ನಿಂತಿದ್ದಾಗ ವಿಮಲಕ್ಕ ಸೆರಗಿನ ಮೇಲಿನ ಸ್ವೆಟರ್ ಎಳೆದುಕೊಂಡು ಕೇಳಿದರು.

"ಸಾಹೇಬ್ರ, ಹೊತ್ತು ಯಾಕೋ ಇಳದಂಗ ಕಾಣತೈತಲ್ರಿ?"

ನಾನು ಗಡಿಯಾರ ನೋಡಿದೆ. ಮೂರು ಇಪ್ಪತ್ತು. "ಮೋಡ ಕವದೈತ್ರಿ ಅಕ್ಕಾರ. ಇನ್ನ ಭಾಳ ಹೊತ್ತೈತಿ."

"ಮತ್ತ ಕೆಳಗ ಲೈಟ್ ಹಚ್ಯಾರಲ್ರಿ?"

ಹೌದು, ಕೆಳಗೆ ಬೀದಿ ದೀಪಗಳು ಹತ್ತಿದ್ದವು. ಆಗಲೂ ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ಎಂಥ ಚಳಿಗಾಲದಲ್ಲೂ ಆರು ಗಂಟೆಗೆ ಬೆಳಕಿರುತ್ತದೆ. ಯುರೋಪಿನಲ್ಲಿ ನಾವು ಯಂತ್ರ ನೋಡಿದ ದಕ್ಷಿಣದ ಊರುಗಳಲ್ಲೂ ಐದೂವರೆ ದಾಟಿದ ಮೇಲೆಯೇ ಹೊತ್ತು ಮುಳುಗುತ್ತಿತ್ತು. ಐದಕ್ಕೆ ಊಟವಾದರೆ ಹೊತ್ತು ಮುಳುಗುವ ಮೊದಲೇ ಆಯಿತು ಎಂಬುದು ನಮ್ಮ ಕಡೆ ಯಾರೂ ಲೆಕ್ಕ ಹಾಕಿ ನೋಡುವ ಮಾತೇ ಅಲ್ಲ. ಸುಮ್ಮನೆ ಫೋನ್ ತೆಗೆದು ನೋಡಿದೆ. ಆ ದಿನದ ಸೂರ್ಯಾಸ್ತ ನಾಲ್ಕು ಗಂಟೆ ಎರಡು ನಿಮಿಷಕ್ಕೆ ಎಂದಿತ್ತು.

ಓದಿ ಹೇಳಿದಾಗ ಅಪ್ಪಾಸಾಬ ಮೊದಲು ನಕ್ಕುಬಿಟ್ಟರು. "ಅಲ್ರಿ, ಇಲ್ಲಿ ಸೂರ್ಯಾಗೂ ಅರ್ಧಾ ದಿನದ ಡ್ಯೂಟಿ ಏನು!" ಆಮೇಲೆ ಹೆಂಡತಿಯ ಮುಖ ನೋಡಿ ಅವರ ನಗು ನಿಂತಿತು. ಈಗ ಊಟ ತಪ್ಪಿದರೆ ಮುಂದಿನ ತುತ್ತು ಮರುದಿನ ಹೊತ್ತು ಹುಟ್ಟಿದ ಮೇಲೆ. ಅಲ್ಲಿಯವರೆಗೆ ಹನಿ ನೀರೂ ಇಲ್ಲ, ಅದೂ ವಿಮಾನದಲ್ಲಿ.

ದಿಬ್ಬದಿಂದ ಓಡುತ್ತಲೇ ಇಳಿದೆವು. ವಿಮಲಕ್ಕನಿಗೆ ಮೊಣಕಾಲು ನೋವು. "ನೀವ್ ಮುಂದ ನಡೀರಿ, ನಾ ಬರ್ತೇನಿ" ಅನ್ನುತ್ತಿದ್ದರು. ದಾರಿಯಲ್ಲಿ ಹಣ್ಣಿನ ಅಂಗಡಿ ಎಲ್ಲಿ ಎಂದು ಇಬ್ಬರನ್ನು ಕೇಳಿದೆ. ಒಬ್ಬಾಕೆ ಎಡಕ್ಕೆ ಕೈ ತೋರಿಸಿದಳು, ಇನ್ನೊಬ್ಬ ಬಲಕ್ಕೆ. ನಿಲ್ದಾಣಕ್ಕೇ ಹೋಗುವುದು ಮೇಲು ಎಂದು ನೆಲದಡಿಯ ರೈಲು ಹತ್ತಿದೆವು. ಎರಡು ನಿಲ್ದಾಣ ದಾಟಿದ ಮೇಲೆ ತಿಳಿಯಿತು, ಅದು ಊರ ಹೊರಗೆ ಹೋಗುವ ರೈಲು. ಇಳಿದು, ಸೇತುವೆ ದಾಟಿ, ಇನ್ನೊಂದು ಹತ್ತಿದೆವು. ಇಪ್ಪತ್ತು ವರ್ಷ ಸುದ್ದಿ ಬರೆದವನು ನಾನು. ಆದರೂ ಆ ಹೊತ್ತಿನಲ್ಲಿ ಯಾವ ದಿಕ್ಕಿಗೆ ನಿಂತಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ.

"ಬಿಡ್ರಿ ಸಾಹೇಬ್ರ, ಒಂದ ರಾತ್ರಿ ಉಪಾಸ ಇದ್ರ ಏನ್ ಸಾಯೂದಿಲ್ಲ" ಅಂದರು ವಿಮಲಕ್ಕ. ಆದರೆ ಆ ಚಳಿಯಲ್ಲೂ ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಅಪ್ಪಾಸಾಬ ಅದನ್ನೇ ನೋಡುತ್ತಿದ್ದರು.

ರೈಲು ನಿಲ್ದಾಣದ ಒಳಗೆ ಎಲ್ಲೆಡೆ ಬಿಳಿ ದೀಪ. ಅಲ್ಲಿ ನಿಂತರೆ ಹೊರಗೆ ಹಗಲೋ ಇರುಳೋ ಗೊತ್ತಾಗುವುದಿಲ್ಲ. ಒಂದೇ ಥರದ ಲಾಕರುಗಳ ಸಾಲಿನಲ್ಲಿ ನಮ್ಮದನ್ನು ಹುಡುಕಿ ತೆಗೆದಾಗ ಫೋನಿನಲ್ಲಿ ನಾಲ್ಕು ಗಂಟೆ ಏಳು ನಿಮಿಷ. ಅಂದರೆ ಸೂರ್ಯ ಮುಳುಗಿ ಐದು ನಿಮಿಷವಾಗಿತ್ತು.

ವಿಮಲಕ್ಕ ಎರಡು ಹೆಜ್ಜೆ ಆಚೆ ಬಾಟಲಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದರು. ಅಪ್ಪಾಸಾಬ ನನ್ನ ಕಿವಿಯ ಹತ್ತಿರ ಬಂದು ಮರಾಠಿಯಲ್ಲಿ, "ಅಜೂನ ಆಹೆ ಮ್ಹಣಾ" ಅಂದರು. ಇನ್ನೂ ಹೊತ್ತಿದೆ ಎಂದು ಹೇಳಿ, ಅಂತ. ವ್ಯಾಪಾರದಲ್ಲಿ ಗುಟ್ಟಿನ ಮಾತಿಗೆ ಮರಾಠಿಗೆ ತಿರುಗುವುದು ಅವರ ರೂಢಿ. ಆ ಗಡಿಬಿಡಿಯಲ್ಲಿ ಅವರಿಗೊಂದು ಸಂಗತಿ ಮರೆತುಹೋಗಿತ್ತು. ವಿಮಲಕ್ಕನ ತವರು ಮಿರಜ್. ಅವರ ಮರಾಠಿ ನಮ್ಮಿಬ್ಬರಿಗಿಂತ ಚೆನ್ನಾಗಿತ್ತು.

ವಿಮಲಕ್ಕ ಸೆರಗಿಗೆ ಕೈ ಒರೆಸಿಕೊಂಡು ನೇರ ನನ್ನನ್ನೇ ನೋಡಿದರು. ಗಂಡನನ್ನು ಕೇಳಲಿಲ್ಲ. "ಸಾಹೇಬ್ರ, ನೀವ್ ಪೇಪರಿನವ್ರು. ನೋಡಿ ಹೇಳ್ರಿ. ಹೊತ್ತ ಐತೇನ್ರಿ?"

ನಾನು ಫೋನಿನ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. "ಐತ್ರಿ ಅಕ್ಕಾರ. ಇನ್ನ ಹತ್ತ ಮಿನಿಟ ಐತಿ."

ಅವರು ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ ಕೈ ಮುಗಿದು, ಗಂಟು ಬಿಚ್ಚಿದರು. ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಬೆಂಚಿನ ಮುದುಕ ತಿರುಗಿ ನೋಡಿದ. ಅವಸರವಿಲ್ಲದೆ ಒಂದೂವರೆ ರೊಟ್ಟಿ ತಿಂದರು, ಮಾತ್ರೆ ನುಂಗಿದರು. ನಡುವೆ ತಲೆಯೆತ್ತಿ, "ಹತ್ತ ಮಿನಿಟ ಆತೇನ್ರಿ?" ಎಂದು ಕೇಳಿದರು.

"ಆತ್ರಿ" ಅಂದೆ. ನಿಜಕ್ಕೂ ಹತ್ತು ನಿಮಿಷವಾಗಿತ್ತು. ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟು ಬಾಯಿ ಮುಕ್ಕಳಿಸಿದರು.

ನಾವು ಹೊರಗೆ ಬಂದಾಗ ಊರೆಲ್ಲ ಕತ್ತಲು. ವಿಮಲಕ್ಕ ಒಮ್ಮೆ ಆಕಾಶ ನೋಡಿದರು. ವಿಮಾನದಲ್ಲಿ ಚೆನ್ನಾಗಿ ನಿದ್ದೆ ಮಾಡಿದರು. ಅಪ್ಪಾಸಾಬ ಮಾತ್ರ ಮುಂಬೈವರೆಗೂ ಎಚ್ಚರವಾಗಿಯೇ ಇದ್ದರು.

ವಾರದ ನಂತರ ಅಪ್ಪಾಸಾಬ ಫೋನ್ ಮಾಡಿದರು. "ನಿನ್ನೆ ಆಕಿ ಹಗಲೆಲ್ಲಾ ಉಪಾಸ ಇದ್ಲ್ರಿ. ಡಾಕ್ಟರ ಬ್ಯಾಡ ಅಂದಾರ, ಕೇಳ್ಳಿಲ್ಲ. ಯಾಕ ಅಂದ್ರ, ಸುಮ್ನಿರ್ರಿ ಅಂದ್ಲು. ನಾವ್ ಉಪಾಸ ಮಾಡೂ ಅಷ್ಟಮಿ ಅಲ್ಲ, ಚತುರ್ದಶಿ ಅಲ್ಲ. ನಿಮಗೇನಾರ ಗೊತ್ತೇನ್ರಿ?"

ಗೊತ್ತಿಲ್ಲ ಅಂದೆ. ಅದೂ ಪೂರ್ತಿ ಸುಳ್ಳಲ್ಲ.

ಬೇಸಿಗೆಯಲ್ಲಿ ಒಣದ್ರಾಕ್ಷಿ ಸುದ್ದಿಗಾಗಿ ಶೇಡಬಾಳಕ್ಕೆ ಹೋದಾಗ ಅವತ್ತು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡುಬಿಡಬೇಕೆಂದೇ ಅವರ ಮನೆಗೆ ಹೋದೆ. ವಿಮಲಕ್ಕ ಚಹಾ ತಂದಿಟ್ಟರು. "ಅಕ್ಕಾರ, ಅವತ್ತ ಸ್ಟೇಶನ್ನಾಗ..." ಎಂದು ಶುರುಮಾಡಿದೆ.

"ಚಾ ಆರತೈತ್ರಿ, ಕುಡೀರಿ" ಅಂದರು.

ನಾನು ಕುಡಿದೆ. ಅವರು ನನ್ನ ಮಾತನ್ನು ಬೇಕೆಂದೇ ತಡೆದರೋ, ಅಥವಾ ಚಹಾ ನಿಜಕ್ಕೂ ಆರುತ್ತಿತ್ತೋ, ಇಂದಿಗೂ ತಿಳಿದಿಲ್ಲ. ಆ ಉಪವಾಸ ಅವರು ತಿಂದ ರೊಟ್ಟಿಗೆ ಪ್ರಾಯಶ್ಚಿತ್ತವೋ, ನಾನು ಆಡಿದ ಮಾತಿಗೋ ಎಂಬುದೂ ತಿಳಿದಿಲ್ಲ. ನಾಳೆ ಅದೇ ಬೆಂಚಿನ ಮುಂದೆ ಅವರು ನನ್ನನ್ನು ಅದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೇನೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಸಲ 'ಐತಿ' ಅನ್ನುತ್ತೇನೆ, ಇನ್ನೊಂದು ಸಲ 'ಇಲ್ಲ' ಅನ್ನುತ್ತೇನೆ. ಎರಡೂ ಸಲ ಅವರ ಮುಖ ನೋಡಲು ಆಗುವುದಿಲ್ಲ.