ಐದನೇ ಟೇಬಲ್ಲಿನ ಕಾರ್ಡು

ಹೋದ ವಾರ ಹಗರಿಬೊಮ್ಮನಹಳ್ಳಿಗೆ ಕಣ್ಣು ತೋರಿಸಲು ಹೋಗಿದ್ದೆ. ಹೊರಡುವಾಗ ಕೌಂಟರಿನ ಹುಡುಗಿ ಒಂದು ಗುಲಾಬಿ ಬಣ್ಣದ ಕಾರ್ಡು, ದಾರ ಕಟ್ಟಿದ ಒಂದು ಪೆನ್ಸಿಲ್ ಮುಂದಿಟ್ಟು, "ನಮ್ಮ ಸರ್ವಿಸ್ ಹೆಂಗಿತ್ತು ಅಂತ ಎರಡು ಸಾಲು ಬರೀರಿ ಅಜ್ಜಿ" ಅಂದಳು. ಪ್ರೆಸ್ಸಿನಿಂದ ಆಗಷ್ಟೇ ಬಂದ ಕಾರ್ಡು, ಇಂಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾಲಿ ಕಾರ್ಡನ್ನೇ ವಾಪಸ್ ಕೊಟ್ಟೆ.

"ಏನೂ ಬರಿಲಿಲ್ಲಲ್ರಿ?"

"ಡ್ರಾಪ್ಸ್ ಹಾಕ್ಯಾರಲ್ಲವಾ, ಅಕ್ಷರ ಕಾಣವಲ್ವು."

ಸುಳ್ಳು. ಅಕ್ಷರ ಚೆನ್ನಾಗಿಯೇ ಕಾಣುತ್ತಿದ್ದವು. ನಾನು ಓದಿದ ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಸಿಸ್ಟರ್‌ಗಳು ಮಂಡಿಯೂರಿ ಕೂರಿಸುತ್ತಿದ್ದರು. ಈಗ ಆ ಸಿಸ್ಟರ್‌ಗಳೂ ಇಲ್ಲ, ಊರಲು ಮಂಡಿಗಳೂ ಸರಿಯಾಗಿಲ್ಲ. ಆದರೆ ಹೆದರಿಕೆ ಮಾತ್ರ ಹಾಗೇ ಇದೆ. ಅದರ ಹಿಂದೆಯೇ ನಮ್ಮ ಹಾಸ್ಟೆಲ್ಲಿನ ವಾರ್ಡನಮ್ಮನ ಮುಖವೂ ಬರುತ್ತದೆ...

ಹನ್ನೆರಡು ವರ್ಷದ ಹಿಂದಿನ ಮಾತು. ಕೊಟ್ಟೂರಿನಲ್ಲಿ ನಾವು ಕೆಲವರು ಸೇರಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದನ್ನು ನಡೆಸುತ್ತಿದ್ದೆವು. ಕುರಿ ಕಾಯುವವರ, ಕೂಲಿ ಮಾಡುವವರ ಮಕ್ಕಳು, ಮೂವತ್ತು ಜನ. ನಾನು ಸೆಕ್ರೆಟರಿ. ವರ್ಷಕ್ಕೊಮ್ಮೆ ಕಲ್ಯಾಣಮಂಟಪದಲ್ಲಿ ದಾನಿಗಳನ್ನು ಕರೆದು ಊಟ ಹಾಕಿ ಸಹಾಯ ಕೇಳುವುದು ಪದ್ಧತಿ. ಇನ್ವಿಟೇಷನ್ನಿನಲ್ಲಿ ‘ಆನ್ಯುಯಲ್ ಚಾರಿಟಿ ಗಾಲಾ’ ಅಂತ ನಾನೇ ಪ್ರಿಂಟ್ ಮಾಡಿಸಿದ್ದೆ. ಮಂದಿ ಮಾತ್ರ ‘ಹಾಸ್ಟೆಲ್ ಊಟ’ ಅಂತಲೇ ಕರೆಯುತ್ತಿದ್ದರು. ಹಡಗಲಿ, ಹರಪನಹಳ್ಳಿಯಿಂದ ಬಂದವರು ಹೊತ್ತು ಮುಳುಗುವುದರೊಳಗೆ ಊರು ಸೇರಲಿ ಎಂದು ಭಾನುವಾರ ಮಧ್ಯಾಹ್ನವೇ ಇಡುತ್ತಿದ್ದೆವು.

ವಾರ್ಡನಮ್ಮ ಹಡಗಲಿ ಕಡೆಯಾಕೆ. ನಲವತ್ತೈದು ದಾಟಿರಬೇಕು. ಸಂಜೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತಿರಲಿಲ್ಲ, ಬಾಗಿಲ ಮುಂದಿನ ಚಪ್ಪಲಿ ಎಣಿಸುತ್ತಿದ್ದಳು. ಹೀಗೇಕೆ ಅಂತ ಕೇಳಿದ್ದಕ್ಕೆ, "ಒಬ್ಬಾಕಿ ಪರವಾಗಿ ಇನ್ನೊಬ್ಬಾಕಿ ‘ಎಸ್ ಮಿಸ್’ ಅಂತಾಳ್ರಿ. ಚಪ್ಪಲಿ ಅನ್ನಂಗಿಲ್ಲ" ಅಂದಿದ್ದಳು.

ಫೀಡ್‌ಬ್ಯಾಕ್ ಕಾರ್ಡು ನನ್ನ ಐಡಿಯಾ. ಊಟ ಮುಗಿದ ಮೇಲೆ ಪ್ರತಿ ಟೇಬಲ್ಲಿಗೂ ಗುಲಾಬಿ ಕಾರ್ಡು, ಬೆನ್ನಿಗೆ ಟೇಬಲ್ ನಂಬರು. ಮೊದಲ ವರ್ಷ ಬಂದದ್ದು ಇಂಥವು: ಮೈಕು ಕೊಂಯ್ ಅಂತಿತ್ತು. ರೊಟ್ಟಿ ತಣ್ಣಗಾಗಿದ್ದವು. ಅಧ್ಯಕ್ಷರ ಭಾಷಣ ಮುಗಿಯೋದ್ರೊಳಗ ಹೋಳಿಗಿ ಮುಗಿದಿದ್ದವು. ಮರುವರ್ಷ ಬೇರೆ ಮೈಕು ತಂದೆವು, ಬಡಿಸುವವರನ್ನು ಎರಡು ಸಾಲು ಮಾಡಿದೆವು, ಅಧ್ಯಕ್ಷರ ಪಕ್ಕ ಒಂದು ಗಂಟೆ ಇಟ್ಟೆವು, ಐದು ನಿಮಿಷಕ್ಕೆ ಬಾರಿಸಲು. ಎಲ್ಲರೂ ನನ್ನನ್ನು ಹೊಗಳಿದರು. ಹೊಗಳಿಕೆ ತಲೆಗೇರಿತು, ಸುಳ್ಳೇಕೆ ಹೇಳಲಿ.

ಎರಡನೇ ವರ್ಷ ಏಳೆಂಟು ಕಾರ್ಡುಗಳಲ್ಲಿ ಒಂದೇ ಮಾತು. ಹುಡುಗಿಯರ ಕೋಲಾಟ ಚೆಂದ, ಆದರೆ ಅವರ ಕಷ್ಟ ನಮಗೆ ತಿಳಿಯಲಿಲ್ಲ, ಒಬ್ಬಳ ಬಾಯಿಂದಲಾದರೂ ಕೇಳಿಸಿ.

"ಊಟಕ್ಕ ಉಪ್ಪು ಕಮ್ಮಿ ಅಂದ್ರ ಹಾಕೋಣ್ರಿ ಅಮ್ಮಾರ," ಅಂದಳು ವಾರ್ಡನಮ್ಮ. "ಇದು ಉಪ್ಪಲ್ಲ."

"ಗೆಸ್ಟ್ ಕೇಳಿದ್ದನ್ನ ಕೊಡೋದೇ ಇಂಪ್ರೂವ್‌ಮೆಂಟ್, ವಾರ್ಡನಮ್ಮ."

"ಕೇಳಿದ್ದೆಲ್ಲಾ ಕೊಡಾಕ ನಾವೇನು ಅಂಗಡಿ ಇಟ್ಟೀವೇನ್ರಿ?"

ನಾನು ಮುಖ ಗಂಟು ಹಾಕಿಕೊಂಡೆ.

ಮೂರನೇ ವರ್ಷ ಹದಿನೈದರ ಒಬ್ಬ ಹುಡುಗಿಯನ್ನು ವೇದಿಕೆ ಹತ್ತಿಸಿದೆ. ಸೋದರಮಾವನಿಗೆ ಕೊಟ್ಟು ಮದುವೆ ಮಾಡಲು ಹೊರಟಾಗ ಮನೆ ಬಿಟ್ಟು ಬಸ್ಸು ಹತ್ತಿದ್ದಳು. ಜಿಲ್ಲಾ ಕಚೇರಿಯ ಮಕ್ಕಳ ಅಧಿಕಾರಿಯೇ ನಮ್ಮಲ್ಲಿ ಬಿಟ್ಟಿದ್ದರು. ಬೇರೆ ಹೆಸರು ಹೇಳಿಸಿದೆ, ಊರಿನ ಹೆಸರು ಎತ್ತಿಸಲಿಲ್ಲ. ಅಷ್ಟಾದರೆ ಸಾಕು, ಕ್ಷೇಮ ಅಂದುಕೊಂಡಿದ್ದೆ. ಮುಖ ಅನ್ನುವುದೊಂದು ಇರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಲೆ ತಗ್ಗಿಸಬೇಕು ಅಂತ ವಾರಗಟ್ಟಲೆ ಪ್ರಾಕ್ಟೀಸ್ ಮಾಡಿಸಿದವಳು ನಾನೇ. ಅಂದು ಮಂಟಪದಲ್ಲಿ ಕಣ್ಣೊರೆಸಿಕೊಳ್ಳದವರಿಲ್ಲ.

ಸೋಮವಾರ ಬೆಳಿಗ್ಗೆ ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕೂತು ಕಾರ್ಡು ಓದುತ್ತಿದ್ದೆ. ಎಲ್ಲವೂ ಎಕ್ಸಲೆಂಟ್, ಎಕ್ಸಲೆಂಟ್. ವಾರ್ಡನಮ್ಮ ಎದುರಿಗೆ ಕೂತು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಐದನೇ ಟೇಬಲ್ಲಿನ ಒಂದು ಕಾರ್ಡು ಬಂತು. ಮುದ್ದಾದ ಅಕ್ಷರ. ನೋಡಿ, ಎಷ್ಟು ಪರ್ಸನಲ್ ಆಗಿ ಬರೆದಿದ್ದಾರೆ ಅಂತ ಖುಷಿಯಿಂದ ಗಟ್ಟಿಯಾಗಿ ಓದಿದೆ:

"ಹುಡುಗಿ ಚೆಂದ ಮಾತಾಡಿದಳು. ಎಡಗೈಯ ಸುಟ್ಟ ಗಾಯ ಮಾದಿದೆ ಎಂದು ಭಾವಿಸುತ್ತೇನೆ. ಊಟ ಉತ್ತಮ."

ಈಳಿಗೆ ನಿಂತಿತು.

"ಇನ್ನೊಮ್ಮೆ ಓದ್ರಿ."

ಓದಿದೆ.

"ನಿನ್ನೆ ಆಕಿ ತುಂಬುತೋಳಿನ ಕುಬುಸ ಹಾಕಿದ್ಲು," ಅಂದಳು ಮೆಲ್ಲಗೆ. "ಗಾಯದ ಸುದ್ದಿ ನೀವೇನಾರ ಭಾಷಣದಾಗ ಬರೆದಿದ್ರೇನ್ರಿ?"

"ಯಾವ ಗಾಯ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ವಾರಗಟ್ಟಲೆ ಆ ಹುಡುಗಿಗೆ ಮಾತು ಕಲಿಸಿದ್ದೆ, ತೋಳು ನೋಡಿರಲಿಲ್ಲ.

"ಮುಲಾಮು ಹಚ್ಚಿದಾಕಿ ನಾನು, ನನಗ ಗೊತ್ತೈತಿ. ಆಕಿಗೆ ಗೊತ್ತೈತಿ." ವಾರ್ಡನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಮತ್ತ ಸುಟ್ಟಾಂವಗ ಗೊತ್ತೈತಿ."

ಆ ಮನುಷ್ಯ ನಮ್ಮ ಅತಿಥಿಯಾಗಿ ಬಂದು, ನಾವು ಬಡಿಸಿದ್ದನ್ನು ಉಂಡು, ನಾನು ಕೊಟ್ಟ ಪೆನ್ಸಿಲ್ಲಿನಲ್ಲಿ ಬರೆದು ಹೋಗಿದ್ದ.

ಐದನೇ ಟೇಬಲ್ ಬುಕ್ ಮಾಡಿದ್ದವರು ಎಣ್ಣೆ ಗಿರಣಿಯ ಮಾಲೀಕರು. ನಮ್ಮ ಹಾಸ್ಟೆಲ್ಲಿನ ದೊಡ್ಡ ದಾನಿ. ನಿಮ್ಮ ಅತಿಥಿಯೊಬ್ಬರು ಚೆಂದ ಬರೆದಿದ್ದಾರೆ, ಯಾರವರು ಅಂತ ಫೋನಿನಲ್ಲಿ ನಯವಾಗಿ ಕೇಳಿದೆ.

"ಓ, ನಮ್ಮ ಗಿರಣಿಗೆ ಶೇಂಗಾ ಹಾಕಾವ್ರಿ ಅಮ್ಮಾರ. ಭಾಳ ಮರ್ಯಾದಸ್ಥ. ಬೆಳಿಗ್ಗೆನ ಫೋನ್ ಮಾಡಿ ಹಾಸ್ಟೆಲ್ ಎಲ್ಲಿ ಬರ್ತೈತಿ ಅಂತ ಕೇಳಿದ, ಹೇಳೀನಿ. ಏನೋ ಕೊಡಬೇಕಂತ."

ಈಗಲೇ ಪೊಲೀಸರಿಗೆ, ಅಧಿಕಾರಿಗೆ ಹೇಳೋಣ ಅಂದಳು ವಾರ್ಡನಮ್ಮ. ನಾನು ಗುರುವಾರ ಕಮಿಟಿ ಮೀಟಿಂಗ್ ಇದೆ, ಅಲ್ಲಿಯವರೆಗೆ ತಡೆಯೋಣ ಅಂದೆ. ಸುದ್ದಿಯಾದರೆ ಹಾಸ್ಟೆಲ್ಲಿನ ಹೆಸರು ಏನಾಗಬೇಕು, ಗಿರಣಿಯವರು ಏನಂದುಕೊಂಡಾರು... ಆ ಹೊತ್ತಿನಲ್ಲಿ ನನಗೆ ಹುಡುಗಿಯ ಹೆದರಿಕೆಯೂ ಇತ್ತು, ಬರುವ ವರ್ಷದ ಗಾಲಾದ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ದೊಡ್ಡದಿತ್ತು ಅಂತ ಈಗ ನನ್ನನ್ನು ನಾನು ಕೇಳಿಕೊಳ್ಳುವುದಿಲ್ಲ. ಉತ್ತರ ಗೊತ್ತಿದೆ.

ಆಕೆ ವಾದ ಮಾಡಲಿಲ್ಲ. "ಆತ್ರಿ" ಅಂದಳು, ಅಷ್ಟೆ. ಹೆಚ್ಚಿದ ಈರುಳ್ಳಿಯನ್ನು ಅಡಿಗೆಮನೆಯಲ್ಲಿಟ್ಟು ಬಂದಳು.

ಮಂಗಳವಾರ ಬೆಳಿಗ್ಗೆ ಹೋದಾಗ ಬಾಗಿಲಲ್ಲಿ ಇಪ್ಪತ್ತೊಂಬತ್ತು ಜೊತೆ ಚಪ್ಪಲಿ ಇದ್ದವು. ವಾರ್ಡನಮ್ಮನ ಚಪ್ಪಲಿಯೂ ಇರಲಿಲ್ಲ. ಅಡಿಗೆಯಾಕೆ, "ನಿನ್ನೆ ಮಧ್ಯಾಹ್ನ ದವಾಖಾನಿಗೆ ಅಂತ ಹುಡುಗಿನ್ನ ಕರಕೊಂಡು ಹೋದ್ರಿ, ಬಂದಿಲ್ಲ" ಅಂದಳು. ಚೀಟಿ ಇಲ್ಲ, ಫೋನಿಲ್ಲ. ರಸ್ತೆಯಲ್ಲಿ ಯಾವ ಗಾಡಿ ಸದ್ದು ಮಾಡಿದರೂ ಎದ್ದು ಗೇಟಿನ ಕಡೆ ನೋಡುತ್ತಿದ್ದೆ.

ಬುಧವಾರ ಅವನು ಬಂದ, ಆ ಸೋದರಮಾವ. ಬಿಳಿ ಅಂಗಿ, ಕೈಯಲ್ಲಿ ಪೇಡೆಯ ಡಬ್ಬಿ. ಜೊತೆಗಿದ್ದ ಇಬ್ಬರು ಗೇಟಿನ ಹತ್ತಿರವೇ ನಿಂತರು.

"ನಮ್ಮ ಹುಡುಗಿನ್ನ ಇಷ್ಟ್ ದಿನ ಸಾಕೀರಿ. ನಿಮ್ಮ ಉಪಕಾರ ಮರಿಯಂಗಿಲ್ರಿ ಅಮ್ಮಾರ." ಕುರ್ಚಿ ಎಳೆದುಕೊಂಡು ಕೂತ. "ಮೊನ್ನೆ ಊಟ ಭಾಳ ಚಲೋ ಇತ್ತು. ಎಲ್ಲಿ ಅದಾಳ?"

"ನನಗೆ ಗೊತ್ತಿಲ್ಲ."

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಕಣ್ಣು ಕೆಳಗಿಳಿಸಲಿಲ್ಲ, ದನಿ ಏರಿಸಲಿಲ್ಲ. ಗೊತ್ತಿದ್ದಿದ್ದರೆ ಆ ಕಣ್ಣುಗಳ ಎದುರು ನಾನು ಹೇಳಿಬಿಡುತ್ತಿದ್ದೆ. ಅದು ವಾರ್ಡನಮ್ಮನಿಗೂ ಗೊತ್ತಿತ್ತು.

"ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತ್ರಿ, ಖರೇನ ಗೊತ್ತಿಲ್ಲ ನಿಮಗ," ಅಂತ ನಕ್ಕು ಎದ್ದ. ಪೇಡೆಯ ಡಬ್ಬಿ ಬಿಟ್ಟು ಹೋದ. ಆಮೇಲೆ ಪೊಲೀಸರಿಗೆ ಹೇಳಿದೆವು, ಅವರು ಅಂದೇ ಸಂಜೆ ಅವನನ್ನು ಕರೆಸಿ ಎಚ್ಚರಿಕೆ ಕೊಟ್ಟರು. ವಾರ್ಡನಮ್ಮ ಸೋಮವಾರವೇ ಅಧಿಕಾರಿಯನ್ನು ಕಂಡು, ಹುಡುಗಿಯನ್ನು ಬೇರೆ ಜಿಲ್ಲೆಗೆ ಕಳಿಸುವ ಆರ್ಡರ್ ಮಾಡಿಸಿ, ತಾನೂ ಜೊತೆಗೆ ಹೋಗಿದ್ದಳು ಅಂತ ಆಗ ತಿಳಿಯಿತು. ಎಲ್ಲಿಗೆ ಅಂತ ಅಧಿಕಾರಿ ನಮಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆಯೇ ಗಿರಣಿ ಮಾಲೀಕರ ಕಾಗದ ಬಂತು. ತಮ್ಮ ಅತಿಥಿಯನ್ನು ಕಳ್ಳನಂತೆ ಕಂಡಿದ್ದಕ್ಕೆ ಬಹಳ ನೋವಾಗಿದೆ, ಇನ್ನು ಮುಂದೆ ತಾವು ಬರುವುದಿಲ್ಲ. ಗುರುವಾರದ ಮೀಟಿಂಗಿನಲ್ಲಿ ಅಧ್ಯಕ್ಷರು ಅದನ್ನು ಓದಿ, "ಇದೂ ಒಂದು ಫೀಡ್‌ಬ್ಯಾಕ್ ಅಲ್ಲವೇನ್ರಿ?" ಅಂದರು. ಪರ್ಮಿಷನ್ ಇಲ್ಲದೆ ಹಾಸ್ಟೆಲ್ ಬಿಟ್ಟು ಹೋದದ್ದಕ್ಕೆ ವಾರ್ಡನಮ್ಮನನ್ನು ಕೆಲಸದಿಂದ ತೆಗೆಯಲಾಯಿತು. ಲೆಟರ್ ಇಂಗ್ಲಿಷಿನಲ್ಲಿ ಟೈಪ್ ಆಗಿತ್ತು. ಒಂದು ಸ್ಪೆಲಿಂಗ್ ಕೂಡ ತಪ್ಪಿರಲಿಲ್ಲ; ನಾನೇ ತಿದ್ದಿದ್ದೆ. ಕೆಳಗೆ ಸಹಿಯೂ ನನ್ನದೇ.

ಮರುವರ್ಷ ಯಾವ ಹುಡುಗಿಯನ್ನೂ ವೇದಿಕೆ ಹತ್ತಿಸಲಿಲ್ಲ, ಕಾರ್ಡೂ ಇಡಲಿಲ್ಲ. ಅತಿಥಿಗಳು ಕೈ ತೊಳೆಯುವಲ್ಲಿ ನನ್ನನ್ನು ಹಿಡಿದು, "ಹೋದ ವರ್ಷ ಮಾತಾಡಿದಾಕಿ ಎಲ್ಲಿ ಅದಾಳ್ರಿ?" ಅಂತ ಪ್ರೀತಿಯಿಂದಲೇ ಕೇಳಿದರು. ಕೇಳಿದ ಪ್ರತಿಯೊಬ್ಬರ ಮುಖದಲ್ಲೂ ನನಗೆ ಅವನೇ ಕಂಡ. ಅದೇ ನನ್ನ ಕಡೆಯ ಗಾಲಾ.

ನಿನ್ನೆ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ.

"ಅಮ್ಮಾರ, ನಾನ್ರಿ... ವೇದಿಕಿ ಮ್ಯಾಲ ಮಾತಾಡಿದ್ನೆಲ್ರಿ. ವಾರ್ಡನಮ್ಮ ಹೋದ್ರು. ಬೆಳಿಗ್ಗೆ. ಇಷ್ಟ್ ದಿನ ನನ್ನ ಸಂಗಾಟನ ಇದ್ರು."

ನನ್ನ ಬಗ್ಗೆ ಏನಾದರೂ ಅನ್ನುತ್ತಿದ್ದಳಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ.

"ನಾಳೆ ಮುಂಜಾನೆ ಮಣ್ಣು ಮಾಡ್ತೀವ್ರಿ. ಬರ್ರಿ. ಈಗೇನ್ ಹೆದರಿಕಿಲ್ರಿ ನನಗ, ಊರು ಹೇಳ್ತೀನಿ, ಬರ್ಕೊಳ್ರಿ."

ಗಿರಣಿ ಮಾಲೀಕರ ಮನೆ ಈಗಲೂ ಎರಡು ಓಣಿ ಆಚೆ. ಎದುರಾದರೆ ನಿಂತು ಮಾತಾಡಿಸುತ್ತಾರೆ; ಎಲ್ಲಿಗೆ ಹೋಗಿದ್ರಿ ಅಮ್ಮಾರ ಅಂತಾರೆ.

"ಬ್ಯಾಡವಾ," ಅಂದೆ. "ನನಗೆ ಹೇಳಬ್ಯಾಡ."

ಇವತ್ತು ಮುಂಜಾನೆ ಎದ್ದು ತಲೆಗೆ ನೀರು ಹಾಕಿಕೊಂಡೆ. ಯಾವ ದಿಕ್ಕಿಗೆ ತಿರುಗಿ ಕೈ ಮುಗಿಯಬೇಕು ಅಂತ ಗೊತ್ತಾಗದೆ ಅಂಗಳದ ನಡುವೆ ಸುಮ್ಮನೆ ನಿಂತೆ.