ಪುಸ್ತಕದ ಟ್ರಂಕಿನ ಮಾದಣ್ಣ

ನಂಬಲಾಗುತ್ತಿಲ್ಲ...

ಹೋದ ಸೋಮವಾರ ಗಾಡಿಗೆ ಪುಸ್ತಕದ ಟ್ರಂಕು ಏರಿಸಿ, ತಲೆಗೆ ವಲ್ಲಿ ಸುತ್ತಿಕೊಂಡು,
"ಶನಿವಾರದೊಳಗೆ ಬಂದ್ಬುಡ್ತೀನಿ ಕಣ್ ಗೌರವ್ವ" ಎಂದು ಹೋದ ಮಾದಣ್ಣ...
ಇಲ್ಲವಂತೆ.

ಇವತ್ತು ಬೆಳಿಗ್ಗೆ ಗಾಡಿ ನಿಂಗಯ್ಯ ಬಂದು ನನ್ನ ಬಾಗಿಲಲ್ಲಿ ಕುಕ್ಕರಿಸಿ ಅತ್ತ.
"ಮೇಷ್ಟ್ರು ಓಗ್ಬುಟ್ರು ಕಣವ್ವಾ... ನರಸೀಪುರದ ಒಳೆ ದಡದಲ್ಲಿ..."

ಗೆಳೆಯರೇ, ಮೆಂಬರುಗಳೇ, ಶನಿವಾರದ ತಾಯಂದಿರೇ...
ಎಲ್ಲರಿಗೂ ಕಾಣಲಿ ಎಂದು ಈ ಹಾಳೆಯನ್ನು ನಮ್ಮ ರೀಡಿಂಗ್ ರೂಮಿನ ಬಾಗಿಲಿಗೇ ಅಂಟಿಸುತ್ತಿದ್ದೇನೆ.
ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿ.

ನಮ್ಮ ಮಾದಣ್ಣ, ಅಂದರೆ ಮಾದಪ್ಪ, ಹೆಡತಲೆ ಹಳ್ಳಿಯವನು. ನಂಜನಗೂಡಿನ ಈ ರೀಡಿಂಗ್ ರೂಮಿಗೆ ಅವನನ್ನು ಲೈಬ್ರರಿಯನ್ ಎಂದು ತಂದಿದ್ದು ಕಮಿಟಿಯವರು. ದೊಡ್ಡ ಮನುಷ್ಯರು ಪೇಪರ್ ಓದಿ ಎದ್ದ ಮೇಲೆ ಬೆಂಚು ಒರೆಸಿ ಬೀಗ ಹಾಕಿಕೊಂಡಿರಲಿ ಎಂದು.
ಅವನು ಹಿಂದಿನ ಜಗುಲಿ ಗುಡಿಸಿ, ಶನಿವಾರ ಶನಿವಾರ ಕತೆ ಓದಿ ಹೇಳಲು ಮಕ್ಕಳನ್ನು ಕರೆದ.
ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುವವಳು. ನನ್ನ ಹತ್ತಿರವೂ ಬಂದ.
"ಎಣ್ಣೈಕ್ಳನ್ನೂ ಕಳ್ಸವ್ವ. ಅವರವ್ವಂದಿರೂ ಬರ್ಲಿ, ಕೂಸು ಎತ್ಕೊಂಡೇ ಬರ್ಲಿ."

ಬಂದರು...
ಕೂಸಿಗೆ ಹಾಲೂಡಿಸುತ್ತಲೇ ಕತೆ ಕೇಳಿದರು. ರಾಕ್ಷಸ ಬಂದಾಗ ಮುದುಕಿಯರು ಎದ್ದು ನಿಂತು ಬೈದರು. ಪರೀಕ್ಷೆಯಲ್ಲಿ ಫೇಲಾಗಿ ಬೀದಿ ಅಲೆಯುತ್ತಿದ್ದ ಹುಡುಗರ ಕೈಗೆ ಪೇಪರ್ ಕೊಟ್ಟು, ಗಟ್ಟಿಯಾಗಿ ಓದಿ ಎಂದು ಕೂರಿಸಿದ. ನರಸೀಪುರದ ಮಕ್ಕಳಿಗೆ ಲೈಬ್ರರಿ ಇಲ್ಲವೆಂದು ಟ್ರಂಕು ತುಂಬಿಕೊಂಡು ಗಾಡಿಯಲ್ಲಿ ಹೋಗತೊಡಗಿದ. ಅಲ್ಲಿಂದ ಹರಿಗೋಲು ಹತ್ತಿ ಸೋಮನಾಥಪುರದವರೆಗೂ...

ಹೋದ ತಿಂಗಳು ಪ್ಲೇಗ್ ಬಂದು ನಾವೆಲ್ಲ ಊರು ಬಿಟ್ಟು ಬಯಲಿನ ಶೆಡ್ಡುಗಳಲ್ಲಿದ್ದೆವಲ್ಲ...
ಅಲ್ಲಿಗೆ ಟ್ರಂಕು ಹೊತ್ತು ಬಂದವನು ಇವನೊಬ್ಬನೇ.
ನಿಮ್ಮ ಮಕ್ಕಳು ರಾತ್ರಿ ಹೆದರಿ ಚೀರುವುದನ್ನು ನಿಲ್ಲಿಸಿದ್ದು ಯಾರಿಂದ? ಜ್ಞಾಪಕ ಇದೆಯೇ?

ನಾವು ಊರಿಗೆ ಮರಳಿದೆವು. ಪ್ಲೇಗ್ ನರಸೀಪುರಕ್ಕೆ ಹೋಯಿತು. ಅಲ್ಲಿಯವರು ಹೊಳೆ ದಡದಲ್ಲಿ ಶೆಡ್ಡು ಹಾಕಿಕೊಂಡರು.
ಇವನು ಮತ್ತೆ ಟ್ರಂಕು ತುಂಬಿಸಿದ.

ಅವನ ಗಾಡಿಗಿಂತ ಮೊದಲೇ ನಮ್ಮ ಕಮಿಟಿ ಸೆಕ್ರೆಟರಿಯವರ ಮಾತು ನರಸೀಪುರ ಸೇರಿತ್ತು.
"ಆ ಪುಸ್ತಕಗಳು ಪ್ಲೇಗ್ ಶೆಡ್ಡಲ್ಲಿದ್ದವು ಕಣ್ರೀ. ಮುಟ್ಟಿದೋರ ಮನೆ ಉಳಿಯಲ್ಲ."
ಸಂತೆಗೆ ಹೊರಟವರ ಕೈಯಲ್ಲಿ ಹೇಳಿ ಕಳಿಸಿದರಂತೆ...
ಸೆಕ್ರೆಟರಿಯವರೇ, ನಿಮ್ಮ ಮೊಮ್ಮಗಳೂ ಆ ಪುಸ್ತಕಗಳನ್ನೇ ಎದೆಗವಚಿಕೊಂಡು ಮಲಗುತ್ತಿದ್ದಳು. ಗುಂಡುಕಲ್ಲಿನಂತಿದ್ದಾಳೆ.

ಮುಂದಿನದ್ದು ನಿಂಗಯ್ಯ ಹೇಳಿದ್ದು.

ದಡದಲ್ಲಿ ಗಂಡಸರು ಗಾಡಿ ತಡೆದರಂತೆ. ಟ್ರಂಕನ್ನು ಮರಳಿಗೆ ಉರುಳಿಸಿ ಬೆಂಕಿ ಹಾಕಿದರಂತೆ. ಅಷ್ಟಕ್ಕೇ ಬಿಡಲಿಲ್ಲ... ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನ ಸಲ ಅವನು ಕೊಟ್ಟುಹೋಗಿದ್ದ ಪುಸ್ತಕಗಳನ್ನು ಒಂದೊಂದಾಗಿ ಅವರ ಕೈಯಿಂದಲೇ ಬೆಂಕಿಗೆ ಹಾಕಿಸಿದರಂತೆ.
ಚಿಕ್ಕತಾಯಿ ಎಂಬ ಪುಟ್ಟ ಹುಡುಗಿ ಒಂದನ್ನು ಲಂಗದೊಳಗೆ ಬಚ್ಚಿಟ್ಟುಕೊಂಡಳಂತೆ. ಅವಳಪ್ಪ ಕಂಡು ಕೆನ್ನೆಗೆ ಬಾರಿಸಿದ.
ಮಾದಣ್ಣ ಅಡ್ಡ ಹೋದ.
"ಒಡೀಬ್ಯಾಡಿ ಸಾ, ಕೂಸು ಅದು... ಆಕ್ಬುಡು ಮಗಾ, ಏಟು ತಿನ್ಬ್ಯಾಡ."
ಅವಳು ಹಾಕಿದಳು. ಆಮೇಲೆ ಅವರು ಮಾದಣ್ಣನನ್ನು ನೆಲಕ್ಕೆ ಕೆಡವಿ ಒದ್ದರು...
ಮಕ್ಕಳು ನೋಡುತ್ತಿದ್ದ ಹಾಗೆಯೇ.

ಮಾದಣ್ಣಾ...
ನೀನು ಯಾಕೆ ಹೋದೆಯೋ?
"ಬ್ಯಾಡ ಕಣಣ್ಣ, ಜನ ಕೆಟ್ಟೋರು" ಅಂತ ನಾನಂದೆ. "ಐಕ್ಳು ಕೆಟ್ಟೋರಲ್ವಲ್ಲವ್ವ" ಅಂತ ನೀನು ನಕ್ಕೆ.
ಮಾರನೇ ದಿನ ನಿನಗೆ ಜ್ವರ ಏರಿತಂತೆ. ಛತ್ರದವರು ಬಾಗಿಲು ಹಾಕಿಕೊಂಡರಂತೆ. ಹರಿಗೋಲಿನವನು ನಿನ್ನನ್ನು ಕಂಡು ನಡುಹೊಳೆಗೆ ಹುಟ್ಟು ಹಾಕಿದನಂತೆ.
ಎದುರಿಗೇ ಕಪಿಲೆ, ಕಾವೇರಿ ಎರಡೂ ಹರಿಯುತ್ತಿದ್ದರೂ, ಮರದ ಬುಡದಲ್ಲಿ ಬಿದ್ದು ನೀರು ನೀರು ಅಂದೆಯಂತೆ...
"ನಾನೂ ಎದರ್ಕೊಂಡು ಎತ್ತು ಒಡ್ಕೊಂಡ್ ದೂರ ಓಗ್ಬುಟ್ಟೆ ಕಣವ್ವಾ. ನಂಗೂ ಐಕ್ಳವೆ" ಅಂದ ನಿಂಗಯ್ಯ.
ನಾನು ಅವನಿಗೆ ಒಳಗೆ ಬಾ ಅನ್ನಲಿಲ್ಲ.

ಜೀವ ಹೋದ ಮೇಲೆ ಆಸ್ಪತ್ರೆಯ ಡಾಕ್ಟರು ಬಂದರಂತೆ. ಕಂಕುಳು ನೋಡಿದರು, ತೊಡೆಸಂದು ನೋಡಿದರು. ಪ್ಲೇಗಿನ ಗೆಡ್ಡೆ ಎಲ್ಲೂ ಇರಲಿಲ್ಲ.
ಪಕ್ಕೆಲುಬು ಮುರಿದಿತ್ತು.
"ಇದು ಪ್ಲೇಗಲ್ಲ. ಇವನಿಗೆ ಒದ್ದೋರ್ಯಾರು?" ಎಂದು ಕೇಳಿದರಂತೆ.
ಒದ್ದವರು ಗುಂಪಿನ ಹಿಂದಕ್ಕೆ ಸರಿದರಂತೆ...
ಆದರೂ ಪ್ಲೇಗಿನ ಹೆಣಗಳ ಗುಂಡಿಗೇ ಎಳೆದು ಹಾಕಿ ಸುಣ್ಣ ಸುರಿದರು. ಹಣೆಗೆ ವಿಭೂತಿ ಇಲ್ಲ. ಒಬ್ಬ ಜಂಗಮ ಇಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅವನನ್ನು ಕೂರಿಸಲೂ ಇಲ್ಲ.
ಹೆಡತಲೆಯಲ್ಲಿರುವ ಅವನ ಹೆಂಡತಿಗೆ ಇದನ್ನು ನಾನು ಹೇಗೆ ಹೇಳಲಿ?

ಮಧ್ಯಾಹ್ನ ಸೆಕ್ರೆಟರಿಯವರು ಬಂದಿದ್ದರು. ಕಣ್ಣಲ್ಲಿ ನೀರಿತ್ತು...
"ಎಂಥಾ ಮನುಷ್ಯ ಕಣಮ್ಮ. ಶನಿವಾರ ಕಂಡೋಲೆನ್ಸ್ ಮೀಟಿಂಗ್ ಇಟ್ಟಿದ್ದೀವಿ. ನೀವೂ ನಾಲ್ಕು ಮಾತಾಡಬೇಕು."
ನಾನು ಕೇಳಿದೆ, "ಶನಿವಾರ ಮಕ್ಕಳು ಬರುವ ದಿನ. ಹಿಂದಿನ ಜಗುಲಿಯ ಬೀಗದಕೈ ಕೊಡಿ."
"ಅದನ್ನ ಕ್ಲೋಸ್ ಮಾಡಿಸಿದ್ವಿ. ಮೆಂಬರುಗಳಿಗೆ ಇಸ್ಪೀಟಾಡೋಕೆ ಜಾಗ ಇರಲಿಲ್ಲ ನೋಡಿ..."

ಹಾರ ತರುವವರು ತನ್ನಿ. ಭಾಷಣ ಮಾಡುವವರು ಮಾಡಿ. ನಾನು ಬರುವುದಿಲ್ಲ.
ಶನಿವಾರ ಮಕ್ಕಳು ನನ್ನ ಮನೆ ಅಂಗಳಕ್ಕೆ ಬರಲಿ. ನನ್ನ ಹತ್ತಿರ ಎರಡೇ ಪುಸ್ತಕ ಇವೆ. ಅವನ್ನೇ ಓದುತ್ತೇನೆ.

ಮಾದಣ್ಣಾ...
ಹೋಗಿ ಬಾ ಅನ್ನುವುದು ವಾಡಿಕೆ. ನಾನು ಅನ್ನಲಾರೆ.
ಹೋಗು. ಎಲ್ಲಿದ್ದೀಯೋ ಅಲ್ಲೇ ತಣ್ಣಗಿರು, ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ಈ ಜನರ ಮಧ್ಯೆ ಮಾತ್ರ ಮತ್ತೆ ಹುಟ್ಟಿ ಬರಬೇಡ.