ಇಪ್ಪತ್ತನಾಲ್ಕು ಮುಚ್ಚಳ

ಬೆಳಕು ಹರಿಯುವ ಮುಂಚೆ ನೆಲ್ವಿ ಮೆಕ್ಕೆಜೋಳದ ಹಿಟ್ಟು ನಾದಿ, ಬಾಳೆಲೆಯಲ್ಲಿ ತಮಾಲೆ ಕಟ್ಟಿ ಬೇಯಲಿಡುತ್ತಿದ್ದಳು. ಅತ್ತೆಗೆ ಕಾಫಿ ಕೊಟ್ಟು, ಗಂಡನ ಅಂಗಿ ಒಗೆದು ಹರವುತ್ತಿದ್ದಳು. ಸೋಮವಾರವಾದರೆ ಗಾಲ್ಫ್ ಗಾಡಿಯ ಸೀಟೆತ್ತಿ ಬ್ಯಾಟರಿಗಳಿಗೆ ನೀರು ತುಂಬುವುದೂ ಅವಳೇ. ಇಸ್ಲಾ ಮುಹೆರೆಸ್ ದ್ವೀಪದ ತುಂಬ ಓಡುವುದು ಅಂಥ ಗಾಡಿಗಳೇ. ಹೋಟೆಲಿನವರು ಸವೆಸಿ ಮಾರಿದ ಈ ಗಾಡಿಯಲ್ಲೇ ಅವಳ ತಮಾಲೆ ಮಾರಾಟಕ್ಕೆ ದೋಣಿಕಟ್ಟೆ ಸೇರಬೇಕು. ಬ್ಯಾಟರಿ ಸತ್ತು ಅದು ನಿಂತು ನಾಲ್ಕು ದಿನವಾಗಿತ್ತು. ಸುಡುವ ಪಾತ್ರೆ ಹೊತ್ತು ಅವಳು ನಡೆದೇ ಹೋಗುತ್ತಿದ್ದಳು.

ಭಾನುವಾರ ಗಂಡ ವಿಲ್ಬರ್ತ್, ಮೈದುನ ಎಫ್ರೈನ್ ಬಿಯರ್ ಹಿಡಿದು ಗಾಡಿಯ ಪಕ್ಕ ಕೂತರು.

"ಹಳೇ ಗಾಡಿ, ಆರು ಬ್ಯಾಟರಿ. ಅಂದ್ರೆ ಮೂವತ್ತಾರು ವೋಲ್ಟ್," ಎಂದ ಮೈದುನ. "ಆರು ವೋಲ್ಟಿನ ಹೊಸವು ತರಿಸಿದ್ರಾಯ್ತು."

"ಒಂದೊಂದರ ಮೇಲೂ ನಾಲ್ಕು ಮುಚ್ಚಳ ಇದೆ," ಎಂದಳು ನೆಲ್ವಿ. "ಮುಚ್ಚಳದ ಕೆಳಗೆ ಒಂದೊಂದು ಸೆಲ್, ಸೆಲ್ಲಿಗೆ ಎರಡು ವೋಲ್ಟ್. ಬ್ಯಾಟರಿಗೆ ಎಂಟಾಯ್ತು, ಒಟ್ಟು ನಲವತ್ತೆಂಟು."

"ಅತ್ತಿಗೆ, ಇದು ತಮಾಲೆ ಲೆಕ್ಕ ಅಲ್ಲ."

"ಮೂರು ವರ್ಷದಿಂದ ಇಪ್ಪತ್ತನಾಲ್ಕು ಮುಚ್ಚಳ ಬಿಚ್ಚಿ ನೀರು ಹಾಕಿದೋಳು ನಾನು. ನೀವು ಒಂದ್ಸಲನಾದ್ರೂ ಆ ಸೀಟು ಎತ್ತಿದ್ದೀರಾ?"

"ಗಾಡಿ ನಂದು, ನಂಗೊತ್ತಿಲ್ವಾ?" ಎಂದ ವಿಲ್ಬರ್ತ್. "ಆಚೆ ದಡದ ಕಾನ್‌ಕೂನ್ ಅಂಗಡಿಗೆ ಫೋನ್ ಮಾಡಿ ಆರು ವೋಲ್ಟಿನವು ಆರು ಹೇಳು. ಹಾಗೇ ನಮಗೆ ಮೀನು ಹುರಿ."

ಗಾಡಿ ಅವನದಂತೆ, ನೀರು ಹಾಕುವುದು, ಫೋನ್ ಮಾಡುವುದು, ಮೀನು ಹುರಿಯುವುದು ಮಾತ್ರ ಅವಳದು. ನೆಲ್ವಿ ಒಳಗೆ ಹೋದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡಳು, ಒಲೆ ಹಚ್ಚಲಿಲ್ಲ.

"ಎಂಟು ವೋಲ್ಟಿನವು ಆರು," ಎಂದಳು ಫೋನಿನಲ್ಲಿ. "ನಾಳೆ ಮೊದಲ ದೋಣಿಗೇ ಹಾಕಿ. ರಸೀದಿ ನೆಲ್ವಿ ಕನುಲ್ ಹೆಸರಲ್ಲಿ ಬರೀರಿ."